ಕೊನೆಯ ಸೀಟು

ಮುಹರಕ್ಕಿನ ಕಾಲೇಜು ಬಸ್ಸಿಗೆ ಎಂಟು ವರ್ಷದಿಂದ ನಾನೇ ಡ್ರೈವರು.
ಆಟ ನನಗೆ ಕಾಣುವುದು ಕನ್ನಡಿಯೊಳಗೆ:
ಗೆದ್ದ ರಾತ್ರಿ ಕನ್ನಡಿ ತುಂಬ ಕೈಗಳು,
ಸೋತ ರಾತ್ರಿ ಬರೀ ನೆತ್ತಿಗಳು.

ಹಿಂದಿನ ಉದ್ದ ಸೀಟು ಕೊನೆಯ ವರ್ಷದವರದ್ದು.
ಎಲ್ಲೂ ಬರೆದಿಟ್ಟಿಲ್ಲ. ಆದರೂ ಹೊಸ ಹುಡುಗರು
ಅಲ್ಲಿ ಚೀಲ ಕೂಡ ಇಡುವುದಿಲ್ಲ.

ಈ ಸಲ ನಾಲ್ವರು.
ಹೈಥಮ್, ಸುಡಾನಿನವ, ತಲೆ ಬಗ್ಗಿಸದೆ ನನ್ನ ಬಸ್ಸು ಹತ್ತಲಾರ.
ಬಾಸಿಲ್ ಕ್ರಾಸ್ತಾ, ಎಡಗೈಯವ,
ಮೊಣಕಾಲಿನ ಪಟ್ಟಿ ಬಿಚ್ಚಿ ಸುತ್ತಿ, ಬಿಚ್ಚಿ ಸುತ್ತಿ
ಅರ್ಧ ದಾರಿ ಕಳೆಯುತ್ತಾನೆ.
ಜಾಸಿಮ್ ಈ ಊರಿನವನೇ, ಮನೆಯಲ್ಲಿ ಮೂರು ಕಾರು,
ಬರುವುದು ಮಾತ್ರ ಬಸ್ಸಿನಲ್ಲಿ.
ಮತ್ತೆ ನಮ್ಮ ಉಳ್ಳಾಲದ ಮುನವ್ವರ್.
ಉಳ್ಳಾಲದವ ಅನ್ನುವುದು ನಾನು; ಅವನು ಹುಟ್ಟಿದ್ದು ಇಲ್ಲೇ.
ಜೂನಿಗೆ ಅಪ್ಪನ ಕೆಲಸ ಮುಗಿಯುತ್ತದೆ, ಊರಿಗೆ ಹೋಗುವುದಂತೆ.
'ಹೋಗುವುದು' ಅನ್ನುತ್ತಾನೆ ಹುಡುಗ,
'ವಾಪಸು' ಎಂಬ ಮಾತು ಅವನ ಬಾಯಿಗೆ ಬರುವುದಿಲ್ಲ.

ಕಳೆದ ವಾರ ಅಭ್ಯಾಸ ಮುಗಿಸಿ ಬರುವಾಗ
ಸೇತುವೆಯ ಮೇಲೆ ಗಾಡಿಗಳ ಸಾಲು, ಅಲ್ಲೇ ಬಾಂಗು ಆಯಿತು.
ಖರ್ಜೂರದ ಡಬ್ಬಿ ಹಿಂದಿನಿಂದ ಮುಂದಕ್ಕೆ ದಾಟಿ ಬಂತು.
ಉಪವಾಸವಿಲ್ಲದ ಬಾಸಿಲ್ಲನೂ ನೀರು ಮುಟ್ಟದೆ ಕಾದಿದ್ದ.
ನಾನೂ ಕಾದಿದ್ದೆ, ಯಾಕೆಂದು ಕೇಳಬೇಡಿ.
ಬೀಜ ಉಗುಳಲು ಜಾಗ ಹುಡುಕುತ್ತ
ಹೈಥಮ್ ಹೇಳಿದ: ಇನ್ನು ಮೂರು ಮ್ಯಾಚು, ಎರಡು ಗೆದ್ದರೆ ಆಗಬಹುದು.
ಆಗಬಹುದು, ಆಗಬಹುದು ಅಂತ ಬಸ್ಸಿಡೀ ಹರಡಿತು ಆ ಮಾತು,
ಖರ್ಜೂರದ ಹಾಗೆ, ಒಬ್ಬೊಬ್ಬರಿಗೆ ಒಂದೊಂದು.

ಒಂದು ಸೋತರು. ಒಂದು ಗೆದ್ದರು.

ಸೆಮಿಫೈನಲಿಗೆ ನಾಲ್ಕು ತಂಡ, ನಾವು ಐದನೆಯವರು.
ಪೆಟ್ರೋಲ್ ಬಂಕಿನ ಚೀಟಿಯ ಬೆನ್ನಿಗೆ ನಾನೂ ಲೆಕ್ಕ ಹಾಕಿದೆ:
ಇವರು ಸಿತ್ರಾದವರನ್ನು ಸೋಲಿಸಬೇಕು,
ಅದೇ ರಾತ್ರಿ ರಿಫಾದವರನ್ನು ಬೇರೆ ಯಾರೋ ಸೋಲಿಸಬೇಕು.
ಅರ್ಧ ನಮ್ಮ ಕೈಯಲ್ಲಿ. ಇನ್ನರ್ಧ
ಗುರುತಿಲ್ಲದವರ ಕೈಯಲ್ಲಿ.

ಮರವಂತೆಯ ಮರಳಿನಲ್ಲಿ ಟ್ಯೂಬ್‌ಲೈಟ್ ಕಟ್ಟಿ
ನಾನೂ ವಾಲಿಬಾಲ್ ಆಡಿದವನೇ.
ಫೈನಲಿಗೆ ಎರಡು ದಿನ ಇರುವಾಗ ವೀಸಾ ಬಂತು.
ಆ ಕಪ್ಪು ಯಾರ ಮನೆಯ ಟೀವಿಯ ಮೇಲೆ ಕೂತಿದೆಯೋ,
ಇವತ್ತಿಗೂ ಕೇಳಿಲ್ಲ.

ಈ ರಾತ್ರಿ ಹದಿನಾಲ್ಕು ಪಾಯಿಂಟಿನಲ್ಲಿ ಗೆದ್ದರು.
ಐದನೆಯ ಫೌಲಿಗೆ ಹೈಥಮ್ ಹೊರಬಿದ್ದು
ಟವೆಲ್ಲನ್ನು ಹಲ್ಲಿನಲ್ಲಿ ಕಚ್ಚಿ ನಿಂತಿದ್ದನಂತೆ.
ನಾನು ನೋಡಲಿಲ್ಲ; ಪಾರ್ಕಿಂಗಿನಲ್ಲಿ ಟೈರಿನ ಗಾಳಿ ನೋಡುತ್ತಿದ್ದೆ.

ಈಗ ಬಸ್ಸು ಹತ್ತಿದ್ದಾರೆ. ಕೂಗಿಲ್ಲ, ಹಾಡಿಲ್ಲ.
ರಿಫಾದ ಆಟ ಇನ್ನೂ ಮುಗಿದಿಲ್ಲ.
ಜಾಸಿಮನ ಚಿಕ್ಕಪ್ಪನ ಮಗ ಅಲ್ಲಿಂದ ಫೋನಿನಲ್ಲಿ ಹೇಳುತ್ತಿದ್ದಾನೆ.
ಚಳಿ ಕಾಯಿಸುವವರಂತೆ ಆ ಬೆಳಕಿನ ಸುತ್ತ ನಾಲ್ಕು ತಲೆ.
ಹೊಸಬರು ಸೀಟಿನ ಮೇಲೆ ಮಂಡಿಯೂರಿ ಹಿಂದಕ್ಕೆ ತಿರುಗಿದ್ದಾರೆ.
ಕೋಚ್ ರೊಮ್ಮೆಲ್ ಹತ್ತಲೇ ಇಲ್ಲ,
ಕೇಳುವ ಧೈರ್ಯವಿಲ್ಲದೆ ಬಸ್ಸಿಗೆ ಪ್ರದಕ್ಷಿಣೆ ಬರುತ್ತಿದ್ದಾನೆ.

ವಾಚ್‌ಮನ್ ಬಂದ: ಗೇಟು ಹಾಕಬೇಕು, ಯಲ್ಲಾ, ಯಲ್ಲಾ.
ಐದು ಬೆರಳು ತೋರಿಸಿದೆ. ಐದು ನಿಮಿಷ ಆಯಿತು.
ಮತ್ತೆ ಐದು ತೋರಿಸಿದೆ.

ಹನ್ನೊಂದು ಸೆಕೆಂಡು ಬಾಕಿಯಂತೆ.
ರಿಫಾ ಒಂದು ಪಾಯಿಂಟು ಹಿಂದೆ, ಚೆಂಡು ಅವರದ್ದೇ.
ಯಾರೋ ಟೈಮ್‌ಔಟ್ ಕೇಳಿದ್ದಾರೆ.
ಇದೊಂದು ಸಾಕಿತ್ ಮಾರಾಯ್ರೆ, ಅಂದೆ. ಯಾರಿಗೆ ಅಂದೆನೋ.

ಕನ್ನಡಿಯಲ್ಲಿ ಈಗ ಕೈಗಳೂ ಇಲ್ಲ, ನೆತ್ತಿಗಳೂ ಇಲ್ಲ.
ನಾಲ್ಕು ಮುಖ.
ಇಷ್ಟು ಚಿಕ್ಕವರಾ ಇವರು?

ವಾಚ್‌ಮನ್ ಗಾಜು ತಟ್ಟುತ್ತಿದ್ದಾನೆ.
ಕೇಳದವನಂತೆ ಮೀಟರು ನೋಡುತ್ತೇನೆ.
ಡೀಸೆಲ್ ಇದೆ. ಬೇಕಾದಷ್ಟಿದೆ.